ಅಸಾಗಿರಿಯ ಜಿಗಿತ

ಟೋಕಿಯೊ, ಫೆಬ್ರವರಿ 3

ಇಗಾರಾಶಿಸಾನ್ ಅವರಿಗೆ,

ಚಳಿ ಇನ್ನೂ ಇಳಿದಿಲ್ಲವಾದರೂ ರಿಹರ್ಸಲ್ ಹಾಲಿನ ಹಿಂದಿರುವ ಪ್ಲಮ್ ಗಿಡದಲ್ಲಿ ನಾಲ್ಕು ಹೂ ಅರಳಿವೆ. ನಿಮ್ಮ ಮಂಡಿಯ ಆಪರೇಷನ್ ಚೆನ್ನಾಗಿ ಆಯಿತೆಂದು ಆಫೀಸಿನವರು ಹೇಳಿದರು. ನೀವು ಫೋನ್ ಆಫ್ ಮಾಡಿ ಊರಿಗೆ ಹೋಗಿದ್ದೀರಂತೆ. ಪತ್ರ ಬರೆದರೆ ತಲುಪೀತು ಎಂದು ಇತೊಇಗಾವಾದ ಈ ವಿಳಾಸ ಕೊಟ್ಟರು.

ನಾನು ಶಿಯೋಮಿ ಕಾಜುಮಾ. ನೆನಪಿದೆಯೋ ಇಲ್ಲವೋ. ನಮ್ಮ 'ಬಿಳಿ ಗರಿ' ಸಂಗೀತ ನಾಟಕದಲ್ಲಿ ಎದುರಾಳಿ ಶಾಲೆಯ ಹೆಸರಿಲ್ಲದ ಬ್ಯಾಡ್ಮಿಂಟನ್ ಆಟಗಾರ, ಹಿಂದಿನ ಸಾಲಿನಲ್ಲಿ ಎಡದಿಂದ ಎರಡನೆಯವನು. ಒಂಬತ್ತನೇ ದೃಶ್ಯದಲ್ಲಿ, ಫೈನಲ್ ಪಂದ್ಯದ ಕೊನೆಯ ಹೊಡೆತಕ್ಕೆ ನೀವು ಮೇಲಿಂದ ಜಿಗಿಯುವ ಆ ಚಕ್ರದ ಅಟ್ಟವನ್ನು ತಳ್ಳಿಕೊಂಡು ಬರುವ ನಾಲ್ವರಲ್ಲಿ ಒಬ್ಬ.

ಬೇರೆಯವರಿಂದ ಗೊತ್ತಾಗುವ ಮೊದಲು ನಾನೇ ಹೇಳಬೇಕು ಅನಿಸಿತು. ಮಾರ್ಚ್ 20ರಿಂದ ಶುರುವಾಗುವ ಹೊಸ ಪ್ರದರ್ಶನಗಳಲ್ಲಿ ನಾಯಕ ಅಸಾಗಿರಿಯ ಪಾತ್ರವನ್ನು ನನಗೆ ಕೊಟ್ಟಿದ್ದಾರೆ. ಮೊನ್ನೆ ನಿರ್ದೇಶಕ ಒನೊಡೆರಾಸಾನ್ ಕರೆದು, "ನಿನಗೆ ಹೆಜ್ಜೆ ಎಲ್ಲಾ ಬಾಯಿಪಾಠ ಅಂತೆ, ಹೌದಾ?" ಎಂದರು. ಹೌದು ಎಂದೆ. ಅಷ್ಟೇ. ಎರಡು ವರ್ಷ ನೀವು ಬೆವರಿಳಿಸಿ ಕಟ್ಟಿದ ಪಾತ್ರ ಅದು. ಅದನ್ನು ಹೀಗೆ ಎತ್ತಿಕೊಳ್ಳಲು ನನಗೆ ನಾಚಿಕೆಯಾಗುತ್ತಿದೆ.

ಕೇಳಬೇಕಾದ್ದು ಬಹಳ ಇದೆ. ಅಸಾಗಿರಿ ಎಡಗೈಯವನು, ನಾನು ಬಲಗೈಯವನು. ಈಗ ಊಟವನ್ನೂ ಎಡಗೈಯಲ್ಲೇ ಮಾಡುತ್ತಿದ್ದೇನೆ, ಅರ್ಧ ಅನ್ನ ಮಡಿಲಿಗೆ ಬೀಳುತ್ತದೆ. ಶಟಲ್ ಇಲ್ಲದ ಕಡೆ ಶಟಲ್ ಇದೆ ಅನ್ನುವ ಹಾಗೆ ಕಣ್ಣು ಹೇಗೆ ಓಡಿಸುತ್ತಿದ್ದಿರಿ? ಮತ್ತೆ ಆ ಜಿಗಿತ. ಒಸಾಕಾದಲ್ಲಿ ನೀವು ಬಿದ್ದ ದಿನ ನಿಮಗೆ ಮೊದಲು ಏನು ಗೊತ್ತಾಯಿತು? ಅಟ್ಟ ಸರಿದದ್ದೋ, ಅಥವಾ ಬೇರೆ ಏನಾದರೂ? ನಾನು ಸುರಕ್ಷಿತವಾಗಿ ಕಲಿಯಲೆಂದು ಕೇಳುತ್ತಿದ್ದೇನೆ.

ರಂಗದ ಬಲಬದಿ ನೋಡಿಕೊಳ್ಳುತ್ತಿದ್ದ ತಾಕೆಮುರಾಸಾನ್ ಈಗ ಬರುತ್ತಿಲ್ಲ. ಅವರ ಜಾಗದಲ್ಲಿ ಹೊಸಬರು ಬಂದಿದ್ದಾರೆ.

ಶಿಯೋಮಿ ಕಾಜುಮಾ


ಇತೊಇಗಾವಾ, ಫೆಬ್ರವರಿ 9

ಶಿಯೋಮಿ,

ಇನ್ನು ಮುಂದೆ ಹೂವಿನ ಸಾಲು ಬೇಡ. ಇಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ಪ್ಲಮ್ ಅರಳಿತು ಅಂದರೆ ಸಿಟ್ಟು ಬರುತ್ತದೆ.

ನಿನ್ನ ನೆನಪಿದೆ. ನೀನು ತಾಳ ತಪ್ಪುವವನಲ್ಲ. ಹಿಂದಿನ ಸಾಲಿನಲ್ಲಿ ನಿಂತು ನನ್ನ ಹಾಡನ್ನು ತುಟಿಯಲ್ಲೇ ಹಾಡುತ್ತಿದ್ದವನೂ ನೀನೇ. ನನಗೆ ಕಾಣುವುದಿಲ್ಲ ಅಂದುಕೊಂಡಿದ್ದೆ, ಅಲ್ಲವಾ?

ನಾಚಿಕೆ ಬೇಡ. ಈ ಕೆಲಸವೇ ಹಾಗೆ. ನಾಟಕದ ಮೂಲವಾದ ಕಾಮಿಕ್ಸಿನಲ್ಲಿ ಅಸಾಗಿರಿಗೆ ಯಾವಾಗಲೂ ಹದಿನೇಳು. ನನಗೆ ಇಪ್ಪತ್ತೇಳಾಯಿತು. ಇನ್ನೊಂದು ವರ್ಷಕ್ಕೆ ಹೇಗೂ ಬಿಟ್ಟುಕೊಡಬೇಕಿತ್ತು.

ನಮ್ಮದು ಕ್ಷೌರದ ಅಂಗಡಿ. ಅಪ್ಪ ಕೂದಲು ಕತ್ತರಿಸುತ್ತಾರೆ, ಅಮ್ಮ ಮುಖ ಕ್ಷೌರ ಮಾಡುತ್ತಾರೆ, ನಾನು ಮೂಲೆಯಲ್ಲಿ ಕಾಲು ಚಾಚಿ ಟವೆಲ್ ಮಡಚುತ್ತೇನೆ. ನಿನ್ನೆ ಒಬ್ಬ ಮೀನುಗಾರ ತಾತ ಕೇಳಿದ: "ಬ್ಯಾಡ್ಮಿಂಟನ್ ಆಡೋವಾಗ ಬಿದ್ದೆಯಂತೆ?"

"ಆಡ್ತಿರಲಿಲ್ಲ ತಾತ. ಆಡೋ ಥರ ಹಾಡ್ತಿದ್ದೆ."

"ಹಾಡೋಕೆ ಹೋಗಿ ಮಂಡಿ ಮುರ್ಕೊಂಡ್ಯಾ?"

ಅಮ್ಮ ಕತ್ತಿ ಹಿಡಿದುಕೊಂಡೇ ನಕ್ಕರು. ತಾತನ ಗಲ್ಲ ಸ್ವಲ್ಪದರಲ್ಲಿ ಉಳಿಯಿತು.

ಕಣ್ಣಿನ ವಿಷಯ. ಶಟಲ್ ಇರುವುದು ಬೆಳಕಿನವನ ಕೈಯಲ್ಲಿ. 'ಟಕ್' ಅನ್ನುವ ಸದ್ದು ಇರುವುದು ಧ್ವನಿಯವನ ಕೈಯಲ್ಲಿ. ಅವರಿಬ್ಬರನ್ನೂ ನಂಬಬೇಡ. ನಿನ್ನ ಎದುರು ನಿಂತವನ ಭುಜ ನೋಡು. ಅವನು ಎಲ್ಲಿಗೆ ಹೊಡೆದಿದ್ದಾನೆಂದು ಭುಜ ಹೇಳುತ್ತದೆ. ಅಲ್ಲಿಗೆ ನೀನು ಅರ್ಧ ಕ್ಷಣ ತಡವಾಗಿ ನೋಡು. ಆ ಅರ್ಧ ಕ್ಷಣದಲ್ಲೇ ಎರಡು ಸಾವಿರ ಜನ ಶಟಲ್ ಕಾಣುತ್ತಾರೆ.

ಜಿಗಿತಕ್ಕೆ ಏಳು ಎಣಿಸು, ಎಂಟಕ್ಕೆ ಹೋಗು. ಒಸಾಕಾದ ದಿನ ಅಟ್ಟ ಸರಿಯಿತು, ಬಿದ್ದೆ. ಅದಕ್ಕಿಂತ ಹೆಚ್ಚು ನೆನಪಿಲ್ಲ.

ತಾಕೆಮುರಾಸಾನ್ ಯಾಕೆ ಬರುತ್ತಿಲ್ಲ?

ಇಗಾರಾಶಿ ರೆಂಜಿ


ಟೋಕಿಯೊ, ಫೆಬ್ರವರಿ 18

ಇಗಾರಾಶಿಸಾನ್ ಅವರಿಗೆ,

ಭುಜ ನೋಡುತ್ತಿದ್ದೇನೆ. ಒನೊಡೆರಾಸಾನ್ ಮೊದಲ ಬಾರಿ ಬೈಯದೆ ಸುಮ್ಮನಿದ್ದರು. ಆಮೇಲೆ ವಿಗ್ ಹಾಕಿಸಿ ಫೋಟೊ ತೆಗೆಸಿ ಪ್ರಕಟಿಸಿದರು. ಅಭಿಮಾನಿಗಳ ಪತ್ರಗಳು ಬರುತ್ತಿವೆ. "ದಯವಿಟ್ಟು ಚೆನ್ನಾಗಿ ಮಾಡಿ" ಎಂದು ಬರೆದವರೇ ಹೆಚ್ಚು. ಒಂದರಲ್ಲಿ ಮಾತ್ರ ಅಂದವಾದ ಅಕ್ಷರದಲ್ಲಿ ಒಂದೇ ಸಾಲು ಇತ್ತು: "ಬಿದ್ದವರ ಬಟ್ಟೆ ನಿಮಗೆ ಸರಿಯಾಗಿ ಕೂರುತ್ತಿದೆಯೇ?" ಅದನ್ನು ಕನ್ನಡಿಗೆ ಅಂಟಿಸಿದ್ದೇನೆ. ಕಿತ್ತು ಹಾಕಬೇಕು ಅನಿಸುವುದಿಲ್ಲ.

ತಾಕೆಮುರಾಸಾನ್ ವಿಷಯ ಕೇಳಿದ್ದಿರಿ. ಅಟ್ಟದ ಚಕ್ರಗಳ ಬ್ರೇಕುಗಳನ್ನು ನೋಡದೆ ಜಿಗಿತಕ್ಕೆ ಹಸಿರು ದೀಪ ಕೊಟ್ಟೆ, ತಪ್ಪು ನನ್ನದೇ ಎಂದು ಅವರು ಸಹಿ ಮಾಡಿಕೊಟ್ಟು ಹೋದರಂತೆ. ಕಂಪನಿಯವರು ಅದನ್ನು ಎಲ್ಲರ ಮುಂದೆ ಓದಿದರು. ಇನ್ನು ಮುಂದೆ ಬ್ರೇಕನ್ನು ಇಬ್ಬರು ನೋಡಬೇಕೆಂದು ಹೊಸ ನಿಯಮ ಬಂದಿದೆ.

ಭಾನುವಾರ ಅವರನ್ನು ಹುಡುಕಿಕೊಂಡು ಹೋದೆ. ಕಿತಾಸೆಂಜುವಿನ ಡಬ್ಬಿಯಲ್ಲಿ ಊಟ ಕಟ್ಟಿಕೊಡುವ ಒಂದು ಅಂಗಡಿಯಲ್ಲಿದ್ದಾರೆ. ಹದಿನೆಂಟು ವರ್ಷ ರಂಗದ ಹಿಂದೆ ಇದ್ದವರು ಕೈಗೆ ಪ್ಲಾಸ್ಟಿಕ್ ಗವಸು ತೊಟ್ಟು ಅನ್ನ ಒತ್ತುತ್ತಿದ್ದರು.

"ಓ, ಹೊಸ ಅಸಾಗಿರಿ! ಕೆನ್ನೆ ಎಲ್ಲಪ್ಪಾ ಹೋಯ್ತು? ಊಟ ಹಾಕ್ತಾ ಇಲ್ವಾ ಅವರು?"

"ವಿಗ್ ಹಾಕಿದ್ರೆ ಮುಖ ದಪ್ಪ ಕಾಣುತ್ತೆ ಅಂತ…"

"ತಗೋ." ಡಬ್ಬಿಗೆ ಇನ್ನೊಂದು ಕರಿದ ಕೋಳಿ ತುಂಡು ಹಾಕಿದರು. "ಇಗಾರಾಶಿ ಏನಾದ್ರೂ ಬರೀತಾನಾ?"

"ಬರೀತಾರೆ. ಹಿಮದ ಬಗ್ಗೆ."

"ಹಿಮದ ಬಗ್ಗೆ," ಎಂದು ನನ್ನನ್ನೇ ನೋಡಿದರು. "ನೀನೇನು ಬರೀತೀಯ?"

ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ನಾನು ಡಬ್ಬಿ ತೆಗೆದುಕೊಂಡು ಹೊರಟುಬಿಟ್ಟೆ.

ಮತ್ತೆ ಕೇಳುತ್ತಿದ್ದೇನೆ, ಕ್ಷಮಿಸಿ. ಆ ದಿನ ಅಟ್ಟದ ಮೇಲಿಂದ ನೀವು ಕೆಳಗೆ ನೋಡಿದಿರಾ? ಎಡಗಡೆ, ಹಿಂದಿನ ಚಕ್ರದ ಹತ್ತಿರ? ನಿಮಗೆ ಏನು ಕಂಡಿತು?

ಶಿಯೋಮಿ


ಇತೊಇಗಾವಾ, ಫೆಬ್ರವರಿ 24

ಶಿಯೋಮಿ,

ಒಂದು ವಿಷಯವನ್ನು ಎರಡೆರಡು ಸಲ ಕೇಳುವವನು ಕಲಿಯಲು ಕೇಳುವುದಿಲ್ಲ.

ನೇರವಾಗಿ ಕೇಳುತ್ತೇನೆ. ನಿನ್ನನ್ನು ಯಾರು ಬರೆಯಲು ಹಚ್ಚಿದ್ದಾರೆ? ಕಂಪನಿಯಾ, ಒನೊಡೆರಾನಾ? ಡಿಸೆಂಬರಿನಲ್ಲಿ ಒಂದು ದಿನ ನೀನು ಬಾಗಿಲು ತಟ್ಟದೆ ಡ್ರೆಸ್ಸಿಂಗ್ ರೂಮಿನೊಳಗೆ ಬಂದು, "ಕ್ಷಮಿಸಿ, ಕ್ಷಮಿಸಿ" ಎಂದು ಹಿಂದಕ್ಕೆ ಹೋದದ್ದು ನನಗೆ ಮರೆತಿಲ್ಲ. ಅಲ್ಲಿ ಏನೋ ಕಂಡೆ ಅಂದುಕೊಂಡಿದ್ದರೆ ಅದನ್ನು ಬಾಯಿಬಿಟ್ಟು ಹೇಳು. ಹೀಗೆ ಹಿಮ, ಹೂವು, ಚಕ್ರ ಎಂದು ಸುತ್ತಿ ಬಳಸಿ ನನ್ನ ಕೈಯಿಂದ ಬರೆಸಿಕೊಳ್ಳಲು ನೋಡಬೇಡ.

ನಿನಗೆ ಬೇಕಾದ ಪಾತ್ರ ಸಿಕ್ಕಿದೆ. ನಾನು ಆ ಪಾತ್ರಕ್ಕೆ ವಾಪಸ್ ಬರಬಹುದೆಂದು ಹೆದರಿಕೆಯಾ? ಬರುವುದಿಲ್ಲ. ಮೆಟ್ಟಿಲು ಹತ್ತಲು ಅಮ್ಮನ ಭುಜ ಹಿಡಿಯುತ್ತಿದ್ದೇನೆ. ತೃಪ್ತಿಯಾಯಿತೇ?

ತಾಕೆಮುರಾಸಾನ್ ದೊಡ್ಡವರು. ಯೋಚಿಸಿಯೇ ಸಹಿ ಮಾಡಿರುತ್ತಾರೆ.

ಇನ್ನು ಬರೆಯಬೇಡ.

ಇಗಾರಾಶಿ


ಟೋಕಿಯೊ, ಮಾರ್ಚ್ 6

ಇಗಾರಾಶಿಸಾನ್,

ಬರೆಯಬೇಡ ಎಂದಿರಿ. ಈ ಒಂದು ಪತ್ರ ಓದಿ. ಇನ್ನು ಬರೆಯುವುದಿಲ್ಲ.

ಡ್ರೆಸ್ಸಿಂಗ್ ರೂಮಿನಲ್ಲಿ ನಾನು ಕಂಡದ್ದು ನೀವು ಕಾಲಿಗೆ ಬ್ಯಾಂಡೇಜ್ ಸುತ್ತಿಕೊಳ್ಳುತ್ತಿದ್ದದ್ದು, ಅಷ್ಟೇ. ಎಲ್ಲರೂ ಸುತ್ತಿಕೊಳ್ಳುತ್ತಾರೆ. ನೀವು ಯಾಕೆ ಕೋಪಗೊಂಡಿರೋ ತಿಳಿಯಲಿಲ್ಲ. ಮೂರು ದಿನ ಯೋಚಿಸಿದ ಮೇಲೆ ನಿಮಗೆ ಎಲ್ಲ ಗೊತ್ತಿದೆ, ನಾನಾಗಿಯೇ ಹೇಳಲಿ ಎಂದು ಕಾಯುತ್ತಿದ್ದೀರಿ ಅಂತ ಅನಿಸಿತು. ಹೇಳುತ್ತೇನೆ.

ಎಡಗಡೆ ಹಿಂದಿನ ಚಕ್ರ ನನ್ನದು. ಅದರ ಬ್ರೇಕನ್ನು ಕಾಲಿನಿಂದ ಒತ್ತಬೇಕಾದವನು ನಾನು. ಒಸಾಕಾದಲ್ಲಿ ಜನವರಿ 18ರ ಮಧ್ಯಾಹ್ನದ ಪ್ರದರ್ಶನದಲ್ಲಿ ನಾನು ಒತ್ತಲಿಲ್ಲ. ನನ್ನ ಕಣ್ಣು ನಿಮ್ಮ ಪಾದದ ಮೇಲಿತ್ತು. ನಲವತ್ತೊಂದು ಪ್ರದರ್ಶನಗಳಲ್ಲೂ ಅಲ್ಲೇ ಇತ್ತು. ಎಡಗಾಲು ಮೊದಲೋ ಬಲಗಾಲೋ, ಭಾರ ಯಾವಾಗ ಹಿಮ್ಮಡಿಯಿಂದ ಬೆರಳಿಗೆ ಬರುತ್ತದೆ ಎಂದು ನೋಡಿಕೊಂಡು, ವಸತಿಗೃಹದ ಮೊಗಸಾಲೆಯಲ್ಲಿ ಹಾಗೇ ಹೆಜ್ಜೆ ಹಾಕುತ್ತಿದ್ದೆ. ನಿಮ್ಮ ಜಾಗ ಬೇಕು ಅನ್ನುವ ಆಸೆ ನನಗಿತ್ತು. ನೀವು ಬೀಳಬೇಕು ಅಂತ ಒಂದು ದಿನವೂ ಅಂದುಕೊಂಡಿರಲಿಲ್ಲ. ಆದರೆ ಆಸೆಯಂತೂ ಇತ್ತು.

ಇನ್ನೂ ಕೆಟ್ಟದ್ದಿದೆ. ತಾಕೆಮುರಾಸಾನ್ ಪರದೆಯ ಹಿಂದಿನಿಂದ ನನ್ನತ್ತ ನೋಡಿದರು. ಒತ್ತಿದೆಯಾ ಅನ್ನುವ ನೋಟ. ನಾನು ಹೌದೆಂದು ತಲೆಯಾಡಿಸಿದೆ. ಹಾಗಾಗಿ ಹಸಿರು ದೀಪ ಬಂತು.

ಅವರ ಸಹಿಯ ಕಾಗದ ಓದಿದಾಗ ನಾನು ಮೊದಲ ಸಾಲಿನಲ್ಲಿ ಕೂತಿದ್ದೆ.

ಹೇಳಿಬಿಡುತ್ತೇನೆ. ಮಾರ್ಚ್ 20ರ ಮೊದಲ ಪ್ರದರ್ಶನ ಮುಗಿದ ಮರುದಿನ ಒನೊಡೆರಾಸಾನ್ ಹತ್ತಿರ ಹೋಗುತ್ತೇನೆ. ಈ 'ಮರುದಿನ' ಅನ್ನುವ ಪದ ಬರೆಯುವಾಗ ಕೈ ತಡೆಯಿತು. ಒಂದೇ ಒಂದು ಸಲ ಅಲ್ಲಿ ನಿಲ್ಲಬೇಕು ಅನ್ನುವುದು ಬಿಟ್ಟರೆ ನನ್ನಲ್ಲಿ ಬೇರೆ ಕಾರಣವಿಲ್ಲ.

ಶಿಯೋಮಿ


ಟೋಕಿಯೊ, ಮಾರ್ಚ್ 13

ಇಗಾರಾಶಿಸಾನ್,

ಒಂದು ವಾರವಾಯಿತು. ಇನ್ನು ಬರೆಯುವುದಿಲ್ಲ ಎಂದಿದ್ದೆ, ಆದರೆ ಇದನ್ನು ಹೇಳದಿರಲಾರೆ.

ತಾಕೆಮುರಾಸಾನ್ ನಗೋಯಾದ ಒಂದು ರಂಗಮಂದಿರದಲ್ಲಿ ಕೆಲಸ ಕೇಳಿದ್ದರು. ಸಿಕ್ಕೇಬಿಟ್ಟಿತ್ತು. ಅಲ್ಲಿನವರು ನಮ್ಮ ಕಂಪನಿಗೆ ಫೋನ್ ಮಾಡಿ ವಿಚಾರಿಸಿದ್ದಾರೆ, ಇಲ್ಲಿಂದ ಆ ಕಾಗದದ ವಿಷಯ ಹೇಳಿದ್ದಾರೆ. ಅಲ್ಲಿಗೆ ಮುಗಿಯಿತು. ಮೇಕಪ್ಪಿನವರು ಇದನ್ನು ಮಾತಾಡಿಕೊಳ್ಳುವಾಗ ನನ್ನ ಕಣ್ಣಿಗೆ ಬಣ್ಣ ಹಚ್ಚುತ್ತಿದ್ದರು. "ಅಲುಗಾಡಬೇಡ ಕಣೋ, ರೆಪ್ಪೆ ಹಾಳಾಗುತ್ತೆ," ಎಂದರು.

ಇನ್ನು ಏಳು ದಿನ. ನನ್ನ ಪತ್ರವನ್ನು ನೀವು ಕಂಪನಿಗೆ ಕಳಿಸಿದ್ದೀರಾ? ಕಳಿಸಿದ್ದರೆ ಸರಿಯೇ. ಪ್ರತಿ ಬೆಳಿಗ್ಗೆ ರಿಹರ್ಸಲ್‌ಗೆ ಹೋಗುವಾಗ ಇವತ್ತು ಕರೆಯುತ್ತಾರೆ ಅಂದುಕೊಳ್ಳುತ್ತೇನೆ. ಯಾರೂ ಕರೆಯುವುದಿಲ್ಲ. ದಯವಿಟ್ಟು ಒಂದು ಸಾಲು ಬರೆಯಿರಿ, ಬೈಗುಳವಾದರೂ ಆಗಲಿ.

ಶಿಯೋಮಿ


ಇತೊಇಗಾವಾ, ಮಾರ್ಚ್ 15, ತುರ್ತು ಅಂಚೆ

ಶಿಯೋಮಿ,

ನಿನ್ನ 6ನೇ ತಾರೀಖಿನ ಪತ್ರ ಓದಿದಾಗ ನನಗೆ ಆದದ್ದು ಸಂತೋಷ. ಇದನ್ನು ಬರೆಯಲಾಗದೆ ಎಂಟು ದಿನ ಒದ್ದಾಡಿದೆ. ಕೋಪ ಬಂದಿದ್ದರೆ ಮೊದಲ ದಿನವೇ ಬರೆಯುತ್ತಿದ್ದೆ.

ಡಿಸೆಂಬರಿನಲ್ಲೇ ನನ್ನ ಮಂಡಿಯ ಒಳಗಿನ ಲಿಗಮೆಂಟ್ ಅರ್ಧ ಹರಿದಿತ್ತು. ಡಾಕ್ಟರು ಆರು ತಿಂಗಳು ನಿಲ್ಲಿಸು ಎಂದರು. ಕಂಪನಿಗೆ ಹೇಳಲಿಲ್ಲ. ಬೇರೆ ಕಡೆ ಹೋಗಿ ನೋವು ಕಾಣದ ಹಾಗೆ ಇಂಜೆಕ್ಷನ್ ಹಾಕಿಸಿಕೊಂಡು ಆಡುತ್ತಿದ್ದೆ. ನೀನು ಬಾಗಿಲು ತೆರೆದ ದಿನ ಬ್ಯಾಂಡೇಜಿನ ಅಡಿಯಲ್ಲಿ ಸೂಜಿಯ ಗುರುತಿತ್ತು. ನೀನು ಅದನ್ನೇ ಹಿಡಿದುಕೊಂಡು ಬರೆಯುತ್ತಿದ್ದೀಯ ಎಂದು ತಿಳಿದು ಆ ಕೆಟ್ಟ ಪತ್ರ ಬರೆದೆ.

ಒಸಾಕಾದಲ್ಲಿ ಏಳು ಎಣಿಸಿದೆ. ಎಂಟಕ್ಕೆ ಹೋಗುವ ಮೊದಲೇ ಮಂಡಿ ಕಳಚಿತು. ನನ್ನ ಭಾರ ಪಕ್ಕಕ್ಕೆ ಬಿತ್ತು, ಆಗ ಅಟ್ಟ ಸರಿಯಿತು. ಬ್ರೇಕ್ ಇದ್ದಿದ್ದರೆ ಅಟ್ಟದ ಮೇಲೆಯೇ ಕುಸಿದು ಕೂರುತ್ತಿದ್ದೆನೇನೋ, ಕೆಳಗೆ ಬೀಳುತ್ತಿರಲಿಲ್ಲ. ಇರಬಹುದು. ಆದರೆ ಮೊದಲು ಹೋದದ್ದು ನನ್ನ ಕಾಲು. ಅದು ನನಗೆ ಗೊತ್ತು, ಆವತ್ತಿನಿಂದ ಗೊತ್ತು. ತಾಕೆಮುರಾಸಾನ್ ಸಹಿ ಮಾಡಿದರೆಂದು ಓದಿದಾಗಲೂ ಗೊತ್ತಿತ್ತು.

ನಿನ್ನ ಪತ್ರ ಬಂದ ಮೇಲೆ ತಪ್ಪೆಲ್ಲ ನಿನ್ನದಾಗಿ ನಾನು ಬಚಾವಾದೆ ಅನಿಸಿತು. ಅದನ್ನು ಕಂಪನಿಯ ವಿಳಾಸ ಬರೆದ ಲಕೋಟೆಯಲ್ಲಿ ಹಾಕಿ ನಾಲ್ಕು ದಿನ ಇಟ್ಟುಕೊಂಡಿದ್ದೆ. ಅಮ್ಮ ಟವೆಲ್ ಎತ್ತುವಾಗ ಅದನ್ನು ನೋಡಿ, "ಅಂಚೆಗೆ ಹಾಕ್ಲಾ?" ಎಂದರು. ಬೇಡ ಎಂದೆ. ಮಾರನೇ ದಿನವೂ ಕೇಳಿದರು. ಮೂರನೇ ದಿನ ಕೇಳಲಿಲ್ಲ. ಎದುರಿಗೆ ಕೂತು, "ಏನು ಮಾಡಿದ್ದೀಯ, ಹೇಳು," ಎಂದರು. ಹೇಳಿದೆ. ಅಪ್ಪ ಕತ್ತರಿ ಕೆಳಗಿಟ್ಟು ಬಂದು ಕೇಳಿಸಿಕೊಂಡರು. "ಆ ಹೆಂಗಸು ಊಟದ ಡಬ್ಬಿ ಕಟ್ತಿದ್ದಾಳೆ, ನೀನು ಇಲ್ಲಿ ಟವೆಲ್ ಮಡಚ್ತಿದ್ದೀಯ," ಎಂದರು. ಅಷ್ಟೇ ಹೇಳಿ ವಾಪಸ್ ಹೋದರು.

ನಿನ್ನೆ ನಿನ್ನ 13ನೇ ತಾರೀಖಿನ ಪತ್ರ ತಲುಪಿತು. ಇವತ್ತು ಕಂಪನಿಗೆ ಬರೆದಿದ್ದೇನೆ. ಹರಿದದ್ದು, ಮುಚ್ಚಿಟ್ಟದ್ದು, ಇಂಜೆಕ್ಷನ್ ಎಲ್ಲವನ್ನೂ ಬರೆದಿದ್ದೇನೆ. ಡಾಕ್ಟರ ಚೀಟಿಯನ್ನೂ ಇಟ್ಟಿದ್ದೇನೆ. ಇನ್ನು ಯಾವ ಕಂಪನಿಯೂ ನನ್ನನ್ನು ರಂಗಕ್ಕೆ ಹತ್ತಿಸುವುದಿಲ್ಲ.

ಬ್ರೇಕಿನ ವಿಷಯ ಬರೆದಿಲ್ಲ. ನಿನ್ನ ಪತ್ರವನ್ನು ಇದರೊಂದಿಗೆ ವಾಪಸ್ ಕಳಿಸುತ್ತಿದ್ದೇನೆ, ಅದು ನಿನ್ನದು. ಬೇಕಾದರೆ ಸುಟ್ಟುಬಿಡು. ನನ್ನ ಮಾತೊಂದೇ ಸಾಕು, ತಾಕೆಮುರಾಸಾನ್ ಹೆಸರು ತೊಳೆದುಹೋಗುತ್ತದೆ. ನೀನು ಹೋಗಿ ಆಡು.

ಇಗಾರಾಶಿ


ಟೋಕಿಯೊ, ಮಾರ್ಚ್ 22

ಇಗಾರಾಶಿಸಾನ್,

ನಿಮ್ಮ ಪತ್ರ 16ರಂದು ಬಂತು. 17ರ ಬೆಳಿಗ್ಗೆ ಒನೊಡೆರಾಸಾನ್ ನಿಮ್ಮ ಕಾಗದ ಹಿಡಿದುಕೊಂಡು ಎಲ್ಲರನ್ನೂ ಸೇರಿಸಿದರು. ಮುಖ ಕೆಂಪಾಗಿತ್ತು. ಓದಿ ಮುಗಿಸಿ, "ಹಾಗಾದ್ರೆ ಚಕ್ರದ್ದೇನೂ ಇಲ್ಲ, ತಾಕೆಮುರಾನ ಕರೆಸ್ತೀವಿ," ಎಂದರು. ಎಲ್ಲರೂ ಉಸಿರು ಬಿಟ್ಟರು. ನನಗೂ ಒಂದು ಕ್ಷಣ ಹಗುರವಾಯಿತು. ಆ ಹಗುರವೇ ಹೆದರಿಸಿತು.

ಎದ್ದು ನಿಂತೆ. "ಚಕ್ರದ್ದೂ ಇದೆ," ಎಂದೆ.

"ಏನು?"

"ಎಡಗಡೆ ಹಿಂದಿನ ಬ್ರೇಕ್ ನಾನು ಒತ್ತಿರ್ಲಿಲ್ಲ. ಒತ್ತಿದೀನಿ ಅಂತ ತಾಕೆಮುರಾಸಾನ್‌ಗೆ ತಲೆಯಾಡಿಸಿದೆ."

ಒನೊಡೆರಾಸಾನ್ ನಿಮ್ಮ ಕಾಗದವನ್ನು ಮಡಚಿ ಜೇಬಿಗಿಟ್ಟರು. ನಾಟಕದಲ್ಲಿ ನನ್ನ ಜೋಡಿ ಆಟಗಾರನಾಗುವವನು ಪಕ್ಕದ ಕುರ್ಚಿಯನ್ನು ಸ್ವಲ್ಪ ಆಚೆಗೆ ಎಳೆದುಕೊಂಡ. ಆ ಸದ್ದು ಇನ್ನೂ ಕಿವಿಯಲ್ಲಿದೆ.

"ಇನ್ನು ಮೂರು ದಿನಕ್ಕೆ ಪರದೆ ಏಳುತ್ತೆ," ಎಂದರು ಒನೊಡೆರಾಸಾನ್. "ಈ ಪಾತ್ರಕ್ಕೆ ಬೇರೆ ಯಾರೂ ಇಲ್ಲ, ಅದು ನಿನ್ನ ಅದೃಷ್ಟ. ಟೋಕಿಯೊದ ಹನ್ನೆರಡು ಆಟ ಆಡು. ಆಮೇಲೆ ನಿನ್ನ ಮುಖ ನನಗೆ ತೋರಿಸಬೇಡ."

ಅದೇ ಮಧ್ಯಾಹ್ನ ತಾಕೆಮುರಾಸಾನ್ ಬಂದರು. ಹಳೆಯ ಕಾಗದದ ಜಾಗದಲ್ಲಿ ಹೊಸ ಕಾಗದ ಬೇಕು, ಅದನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು, ನಗೋಯಾಕ್ಕೆ ಒನೊಡೆರಾಸಾನ್ ತಾವೇ ಫೋನ್ ಮಾಡಬೇಕು ಎಂದರು. ಮೂರೂ ಆದವು. ಇಲ್ಲಿಗೆ ವಾಪಸ್ ಬರುತ್ತೀರಾ ಎಂದು ಕೇಳಿದಾಗ ಇಲ್ಲ ಎಂದು ಚೀಲ ಎತ್ತಿಕೊಂಡರು.

ನಾನು ಬಾಗಿಲಿನವರೆಗೆ ಓಡಿದೆ. "ನಾನು ತಲೆಯಾಡಿಸಿದ್ದು ನಿಮಗೆ ನೆನಪಿತ್ತಲ್ವಾ? ಯಾಕೆ ಹೇಳಲಿಲ್ಲ?"

"ಕಣ್ಣಾರೆ ನೋಡದೆ ದೀಪ ಕೊಟ್ಟವಳು ನಾನು. ಅದಕ್ಕೆ ಸಹಿ ಹಾಕಿದೆ. ನಿನ್ನ ಪಾಲಿಂದು ನೀನು ಹೇಳ್ತೀಯ ಅಂದ್ಕೊಂಡೆ. ಅವನ ಪಾಲಿಂದು ಅವನು. ಒಂದು ವಾರ ಕಾದೆ, ಎರಡು ವಾರ ಕಾದೆ. ಆಮೇಲೆ ಅನ್ನ ಒತ್ತೋಕೆ ಹೋದೆ."

ನಾನು ನೆಲಕ್ಕೆ ಬಗ್ಗಿದೆ. ಕ್ಷಮೆ ಕೇಳಲು ಬಾಯಿ ತೆರೆದೆ.

"ಕೇಳಬೇಡ," ಎಂದರು. "ನೀನು ಕೇಳಿದ್ರೆ ನಾನು ಪರವಾಗಿಲ್ಲ ಅನ್ಬೇಕಾಗುತ್ತೆ. ಹಾಗನ್ನೋಕೆ ಆಗಲ್ಲ. ಎರಡು ತಿಂಗಳು, ಶಿಯೋಮಿ."

20ರಂದು ಆಡಿದೆ. ಒನೊಡೆರಾಸಾನ್ ಜಿಗಿತವನ್ನು ತೆಗೆದುಹಾಕಿದ್ದಾರೆ. ಅಸಾಗಿರಿ ಈಗ ನೆಲದ ಮೇಲೆ ನಿಂತೇ ಕೊನೆಯ ಹೊಡೆತ ಹೊಡೆಯುತ್ತಾನೆ. ಜೋಡಿಯವನು ರಂಗದ ಮೇಲೆ ನನ್ನನ್ನು ಅಪ್ಪಿಕೊಳ್ಳುತ್ತಾನೆ, ಕೆಳಗಿಳಿದ ಮೇಲೆ ಮಾತಾಡುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಎಷ್ಟು ಜೋರಾಗಿ ಅಂತ ಗಮನಿಸಲಾಗಲಿಲ್ಲ.

ಇನ್ನು ಒಂಬತ್ತು ಆಟ ಉಳಿದಿವೆ.

ಶಿಯೋಮಿ


ನಗೋಯಾ, ಏಪ್ರಿಲ್ 12

ಶಿಯೋಮಿ,

ವಿಳಾಸ ನೋಡಿ ಬೆಚ್ಚಬೇಡ. ಮೊನ್ನೆ ಊರುಗೋಲು ಹಿಡಿದು ರೈಲು ಹತ್ತಿ ಇಲ್ಲಿಗೆ ಬಂದೆ. ಅಮ್ಮ ಜೊತೆಗೆ ಬರುತ್ತೇನೆಂದರು, ಬೇಡ ಎಂದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ನೀನು ಬರೆದದ್ದು ನೆನಪಿತ್ತು, ಹಾಗಾಗಿ 'ಕ್ಷಮಿಸಿ' ಎಂಬುದನ್ನು ಬಿಟ್ಟು ಬೇರೆ ಮಾತುಗಳನ್ನು ಹುಡುಕಿದೆ. ಒಂದೂ ಸಿಗಲಿಲ್ಲ.

ತಾಕೆಮುರಾಸಾನ್ ಈಗ ಕೆಲಸ ಮಾಡುವ ರಂಗಮಂದಿರದ ಹಿಂಬಾಗಿಲಲ್ಲಿ ಲಾರಿಯಿಂದ ಸಾಮಾನು ಇಳಿಸುತ್ತಿದ್ದರು. ತಾಕೆಮುರಾಸಾನ್ ನನ್ನನ್ನು ನೋಡಿ, ಊರುಗೋಲನ್ನು ನೋಡಿ, ಮತ್ತೆ ಲಾರಿಯ ಕಡೆ ತಿರುಗಿದರು. ಅರ್ಧ ಗಂಟೆ ನಿಂತೇ ಇದ್ದೆ. ಆಮೇಲೆ ಒಬ್ಬರು ಕುರ್ಚಿ ತಂದಿಟ್ಟರು. ಅವರು ಬಂದು ನನ್ನ ಮಡಿಲಿಗೆ ಐದಾರು ಬಣ್ಣದ ಟೇಪ್ ಸುರುಳಿ, ಒಂದು ಕತ್ತರಿ ಹಾಕಿದರು.

"ಬೆರಳುದ್ದ. ಬಣ್ಣಕ್ಕೆ ನಲವತ್ತು. ಸೊಟ್ಟ ಕತ್ತರಿಸಿದ್ರೆ ಬಿಸಾಕ್ತೀನಿ."

ನಟರು ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಅಂಟಿಸುವ ತುಂಡುಗಳು. ಹತ್ತು ವರ್ಷ ಅವುಗಳ ಮೇಲೆ ನಿಂತಿದ್ದೇನೆ, ಯಾರು ಕತ್ತರಿಸುತ್ತಾರೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸಂಜೆಯವರೆಗೂ ಕತ್ತರಿಸಿದೆ. ಹದಿನೇಳು ತುಂಡು ಬಿಸಾಕಿದರು. ನಡುವೆ ಅವರು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ, ನಾನೂ ಜೋಡಿಸಿಕೊಂಡು ಬಂದದ್ದನ್ನು ಹೇಳಲಿಲ್ಲ.

ಬೀಗ ಹಾಕುವಾಗ ಅವರು ಬೆನ್ನು ತಿರುಗಿಸಿಕೊಂಡೇ ಕೇಳಿದರು: "ಎಲ್ಲಿ ಉಳ್ಕೊಂಡಿದ್ದೀಯ?"

"ಸ್ಟೇಷನ್ ಹತ್ತಿರ."

"ನಾಳೆ ಎಂಟಕ್ಕೆ ಶುರು."

ಇವತ್ತು ಮೂರನೇ ದಿನ. ಬೆರಳಲ್ಲಿ ಬೊಬ್ಬೆ ಎದ್ದಿವೆ. ಇವತ್ತು ನಾಲ್ಕೇ ತುಂಡು ಬಿಸಾಕಿದರು. ಇಲ್ಲಿ ಇನ್ನೂ ಒಬ್ಬರು ಬೇಕಂತೆ, ಭಾರ ಎತ್ತುವವರು. ನಿನ್ನ ಹೆಸರು ನಾನು ಹೇಳಲಿಲ್ಲ. ಅವರೇ, ಟೇಪ್ ಎಣಿಸುತ್ತಾ, ಯಾರಿಗೋ ಹೇಳುವ ಹಾಗೆ, "ಆ ಕೆನ್ನೆ ಇಲ್ಲದವನಿಗೆ ಈಗ ಏನು ಕೆಲಸ ಇದೆ?" ಎಂದರು.

ಬರುವುದಾದರೆ ಎಂಟಕ್ಕೆ ಮೊದಲು ಬಾ. ತಡವಾಗಿ ಬಂದರೆ ಒಳಗೆ ಬಿಡುವುದಿಲ್ಲ.

ರೆಂಜಿ